ಒಬ್ಬರ ಆಯ್ಕೆ, ಮನೆಮಂದಿಗೆಲ್ಲ ದಂಡ: ಸಮುದಾಯ ಸಂಘಗಳ ಪದಾಧಿಕಾರಿಗಳಿಗೆ ಬಹಿರಂಗ ಪತ್ರ

ಕರ್ನಾಟಕದ ಎಲ್ಲ ಜಾತಿ ಸಮುದಾಯಗಳ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರಿಗೆ,

ಮಾನ್ಯರೆ,

ವ್ಯಕ್ತಿಸ್ವಾತಂತ್ರ್ಯವನ್ನು ಕುರಿತ ಬರಹಗಳು ಸಾಮಾನ್ಯವಾಗಿ ತರುಣ ತರುಣಿಯರನ್ನು ಉದ್ದೇಶಿಸಿರುತ್ತವೆ. ಸಮಾಜದ ನಿರೀಕ್ಷೆಗಳಿಗೆ ಅಂಜದೆ ತಮ್ಮ ಬಾಳನ್ನು ತಾವೇ ರೂಪಿಸಿಕೊಳ್ಳಬೇಕೆಂದು ಅವು ಹುರಿದುಂಬಿಸುತ್ತವೆ. ಹಾಗೆ ಹೇಳುವುದು ಸುಲಭ, ಏಕೆಂದರೆ ಹೇಳಿದವರು ಅದಕ್ಕಾಗಿ ಏನನ್ನೂ ತೆರಬೇಕಾಗಿಲ್ಲ. ತೆರಬೇಕಾದವರ ಪಾಲಿನ ಬೆಲೆಯನ್ನು ನಿಗದಿಪಡಿಸುವ ಸಂಸ್ಥೆಗಳು ಬೇರೆಯೇ ಇವೆ, ಮತ್ತು ಮದುವೆಯ ವಿಷಯದಲ್ಲಿ ಅವುಗಳ ಪೈಕಿ ಬಹು ಮುಖ್ಯವಾದವು ತಾವು ನಡೆಸುತ್ತಿರುವ ಸಂಘಗಳು. ಸಂಗಾತಿಯನ್ನು ಜಾತಿಯ ಹೊರಗೆ ಆರಿಸಿಕೊಂಡವರಿಗೂ ಮದುವೆಯೇ ಬೇಡವೆಂದು ನಿರ್ಧರಿಸಿದವರಿಗೂ ಧೈರ್ಯ ಹೇಳುವುದಕ್ಕಿಂತ, ಅಷ್ಟೊಂದು ಧೈರ್ಯ ಬೇಕಾಗುವ ಸ್ಥಿತಿಯನ್ನೇ ಬದಲಿಸಬಲ್ಲವರೊಡನೆ ಮಾತನಾಡುವುದು ಹೆಚ್ಚು ಪ್ರಯೋಜನಕರವೆಂಬ ನಂಬಿಕೆಯಿಂದ ಈ ಪತ್ರ ತಮ್ಮನ್ನು ಉದ್ದೇಶಿಸಿದೆ.

ಸಮಾಜದ ನಿರೀಕ್ಷೆ ಎಂಬುದು ಗಾಳಿಯಲ್ಲಿ ತೇಲುವ ಅಮೂರ್ತ ವಸ್ತುವಲ್ಲ. ಅದಕ್ಕೆ ತನ್ನದೇ ಆದ ಕಾರ್ಯವಿಧಾನವಿದೆ. ಮಗಳೊಬ್ಬಳು ಬೇರೆ ಜಾತಿಯವನನ್ನು ಮದುವೆಯಾಗುವ ಮಾತೆತ್ತಿದಾಗ ಮನೆಯಲ್ಲಿ ಮೊದಲು ಬರುವ ಆಕ್ಷೇಪ ಹುಡುಗನ ಗುಣಕ್ಕಾಗಲಿ ಸಂಪಾದನೆಗಾಗಲಿ ಸಂಬಂಧಿಸಿದ್ದಾಗಿರುವುದು ಅಪರೂಪ. ಅವಳ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದಾರೆ, ನಾಳೆ ಅವರಿಗೆ ಸಂಬಂಧ ಕುದುರುವುದು ಹೇಗೆ ಎಂಬುದೇ ಆ ಆಕ್ಷೇಪ. ಸೋದರಮಾವ ಮನೆಗೆ ಕಾಲಿಡುವುದನ್ನು ನಿಲ್ಲಿಸಿಬಿಟ್ಟರೆ, ಕುಲದವರು ತಂದೆಯನ್ನು ದೇವರ ಉತ್ಸವದ ಪಟ್ಟಿಯಿಂದ ಕೈಬಿಟ್ಟರೆ, ಊಟದ ಪಂಕ್ತಿಯಲ್ಲಿ ಯಾರೋ ಎದ್ದು ಹೋದರೆ ಎಂಬ ಭಯಗಳು ಅದರ ಬೆನ್ನಿಗೇ ಬರುತ್ತವೆ. ಹಳೆಯ ಮೈಸೂರು ಸೀಮೆಯ ಕಟ್ಟೆಮನೆಗಳು, ಅಂದರೆ ಹಲವು ಹಳ್ಳಿಗಳ ಜಾತಿ ವ್ಯವಹಾರಗಳನ್ನು ತೀರ್ಮಾನಿಸುತ್ತಿದ್ದ ಪಾರಂಪರಿಕ ಪೀಠಗಳು, ಒಂದು ಕಾಲದಲ್ಲಿ ತಪ್ಪುದಂಡ ವಿಧಿಸಿ ಕುಲದಿಂದ ಹೊರಹಾಕುತ್ತಿದ್ದವು ಅಥವಾ ದಂಡ ಕಟ್ಟಿಸಿಕೊಂಡು ಮತ್ತೆ ಕುಲಕ್ಕೆ ಸೇರಿಸಿಕೊಳ್ಳುತ್ತಿದ್ದವು. ಇಂದು ಬಹುಪಾಲು ಕಡೆ ಅಂಥ ಬಹಿರಂಗ ತೀರ್ಪು ಕೇಳಿಬರುವುದಿಲ್ಲ, ಆದರೆ ಅದೇ ಕೆಲಸವನ್ನು ಮೌನವೇ ಮಾಡುತ್ತದೆ. ವಧು-ವರರ ಸಮಾವೇಶದಲ್ಲಿ ಒಂದು ಬಯೋಡೇಟಾವನ್ನು ಪಕ್ಕಕ್ಕಿಟ್ಟು ಮುಂದಿನದನ್ನು ತೆಗೆದುಕೊಂಡರೆ ಸಾಕು, ಅಲ್ಲಿಗೆ ಬಹಿಷ್ಕಾರ ಜಾರಿಯಾದಂತೆಯೇ.

ಈ ವ್ಯವಸ್ಥೆಯ ವಿಶೇಷವೆಂದರೆ ದಂಡ ಬೀಳುವುದು ಆಯ್ಕೆ ಮಾಡಿದವರ ಮೇಲಲ್ಲ. ಮದುವೆಯಾದವರು ಬೆಂಗಳೂರಿಗೋ ಪುಣೆಗೋ ಹೋಗಿ ಸಂಸಾರ ಹೂಡುತ್ತಾರೆ. ಊರಿನಲ್ಲಿ ಉಳಿದ ತಾಯಿ, ತಂದೆ, ತಂಗಿ, ತಮ್ಮ ಅದನ್ನು ಅನುಭವಿಸುತ್ತಾರೆ. ಸಾಲಕ್ಕೆ ಜಾಮೀನು ನಿಂತವರ ಹಾಗೆ ಮನೆಮಂದಿಯೆಲ್ಲ ಒಬ್ಬರ ನಡತೆಗೆ ಹೊಣೆಯಾಗುತ್ತಾರೆ. ಹೀಗಿರುವಾಗ ಸ್ವಾತಂತ್ರ್ಯ ಬೇಕೆನ್ನುವವರು ಸ್ವಾರ್ಥಿಗಳಾಗಿ ಕಾಣುವುದು ಸಹಜ, ಮತ್ತು ಬಹಳಷ್ಟು ಹೆಣ್ಣುಮಕ್ಕಳು ತಮ್ಮ ಇಚ್ಛೆಯನ್ನು ಬಿಟ್ಟುಕೊಡುವುದು ಅಂಜಿಕೆಯಿಂದಲ್ಲ, ತಂಗಿಯ ಮೇಲಿನ ಅಕ್ಕರೆಯಿಂದ. ಅಕ್ಕರೆಯನ್ನೇ ಅಡವಿಡಿಸಿಕೊಳ್ಳುವ ಪದ್ಧತಿಗೆ ಸಂಸ್ಕೃತಿಯೆಂಬ ಹೆಸರು ಸಲ್ಲದು.

ಹನ್ನೆರಡನೆಯ ಶತಮಾನದ ಕಲ್ಯಾಣದ ಕಥನದಲ್ಲಿಯೂ ಇದೇ ಮಾದರಿ ಕಾಣುತ್ತದೆ. ಸಮಗಾರ ಹರಳಯ್ಯನ ಮಗನಿಗೂ, ಹುಟ್ಟಿನಿಂದ ಬ್ರಾಹ್ಮಣನಾಗಿದ್ದು ಶರಣನಾದ ಮಧುವರಸನ ಮಗಳಿಗೂ ನಡೆದ ಮದುವೆ ಕಲ್ಯಾಣದ ವಿಪ್ಲವಕ್ಕೆ ನಿಮಿತ್ತವಾಯಿತೆಂದು ಪರಂಪರೆ ಹೇಳುತ್ತದೆ. ಕಥನಗಳ ವಿವರಗಳಲ್ಲಿ ವ್ಯತ್ಯಾಸಗಳಿದ್ದರೂ ಅರಸ ಬಿಜ್ಜಳನ ಆಜ್ಞೆಯಂತೆ ಘೋರ ಶಿಕ್ಷೆಗೆ ಗುರಿಯಾದವರಲ್ಲಿ ಇಬ್ಬರೂ ತಂದೆಯರ ಹೆಸರು ಮುಖ್ಯವಾಗಿ ಬರುತ್ತದೆ. ಆ ಮದುವೆಯಲ್ಲಿ ಹುಡುಗ ಹುಡುಗಿಯ ಮನಸ್ಸು ಏನಿತ್ತೆಂಬುದನ್ನು ಪರಂಪರೆ ಹೆಚ್ಚಾಗಿ ಹೇಳುವುದೇ ಇಲ್ಲ. ಹಿರಿಯರ ತತ್ತ್ವನಿಷ್ಠೆಯೇ ಅದರ ಕೇಂದ್ರ. ಆದರೂ ಜಾತಿಯಾಚೆಗಿನ ಮದುವೆಗೆ ಹಿರಿಯರೇ ಮುಂದೆ ನಿಂತು, ಅದರ ಫಲವನ್ನು ತಾವೇ ಉಂಡರೆಂಬ ಸಂಗತಿಯನ್ನು ಶರಣರ ಹೆಸರನ್ನು ಸಭಾಭವನಗಳಿಗೆ ಇಟ್ಟುಕೊಂಡಿರುವ ಸಂಘಗಳು ನೆನೆಯುವುದು ಉಚಿತ.

ಮದುವೆಯ ಚೌಕಟ್ಟಿನಿಂದಲೇ ಹೊರನಡೆದ ಅಕ್ಕಮಹಾದೇವಿಯ ಪ್ರಸಂಗ ಇದಕ್ಕಿಂತ ಕಠಿಣವಾದದ್ದು. ಉಡುತಡಿಯ ಈ ಹೆಣ್ಣುಮಗಳು ಅರಸ ಕೌಶಿಕನನ್ನು ಮದುವೆಯಾಗಿದ್ದಳೆಂದು ಹರಿಹರನ ರಗಳೆ ಹೇಳಿದರೆ, ಚಾಮರಸನ ಪ್ರಭುಲಿಂಗಲೀಲೆ ಅದನ್ನು ಒಪ್ಪುವುದಿಲ್ಲ. ಅವಳ ವಚನಗಳಿಗಿಂತ ಅವಳ ಮದುವೆಯ ಬಗ್ಗೆಯೇ ಶತಮಾನಗಳ ಕಾಲ ಚರ್ಚೆ ನಡೆದಿರುವುದು ನಮ್ಮ ಸಮಾಜದ ಕುತೂಹಲ ಎತ್ತ ಹರಿಯುತ್ತದೆಂಬುದಕ್ಕೆ ಸಾಕ್ಷಿ. ಕಲ್ಯಾಣಕ್ಕೆ ಬಂದ ಮೇಲೂ ಅವಳು ತನ್ನ ನಡೆಗೆ ಉತ್ತರ ಕೊಡಬೇಕಾಯಿತು, ಅಲ್ಲಮಪ್ರಭುವಿನ ತೀಕ್ಷ್ಣ ಪ್ರಶ್ನೆಗಳನ್ನು ಎದುರಿಸಬೇಕಾಯಿತು ಎಂದು ಶೂನ್ಯಸಂಪಾದನೆ ಚಿತ್ರಿಸುತ್ತದೆ. ಆ ಕಾಲದ ಅತ್ಯಂತ ಮುಕ್ತ ಕೂಟವೂ ಒಂಟಿ ಹೆಣ್ಣನ್ನು ವಿಚಾರಣೆಯಿಲ್ಲದೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಮದುವೆಯಾಗದೆ ಉಳಿದ ಮೂವತ್ತೈದು ವರ್ಷದ ಉದ್ಯೋಗಸ್ಥೆಯನ್ನು ಸಮುದಾಯದ ಸಮಾರಂಭದಲ್ಲಿ ಇಂದು ಎದುರುಗೊಳ್ಳುವ ಪ್ರಶ್ನೆಗಳಿಗೆ ಅಲ್ಲಮನ ಆಧ್ಯಾತ್ಮಿಕ ಉದ್ದೇಶವಂತೂ ಇರುವುದಿಲ್ಲ.

ಇನ್ನು ಕಾನೂನಿನ ಮಾತು. ಜಾತಿಯಾಚೆಗಿನ ಮದುವೆಗೆ ಭಾರತದಲ್ಲಿ ಕಾನೂನಿನ ಆಸರೆ ದೊರೆತದ್ದು ಅಷ್ಟೇನೂ ಹಿಂದಿನ ಕಾಲದಲ್ಲಲ್ಲ. 1872ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗಬೇಕಾದವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮಕ್ಕೂ ಸೇರಿಲ್ಲವೆಂದು ಘೋಷಿಸಬೇಕಿತ್ತು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್ ಮತ್ತು ಜೈನರಿಗೆ ಆ ಘೋಷಣೆಯಿಂದ ವಿನಾಯಿತಿ ನೀಡಿತು. ಹಿಂದೂಗಳ ಅಂತರ್ಜಾತಿ ವಿವಾಹಗಳನ್ನು ಮಾನ್ಯಗೊಳಿಸಬೇಕೆಂದು ವಿಠ್ಠಲಭಾಯಿ ಪಟೇಲರು 1918ರಲ್ಲಿ ಮಂಡಿಸಿದ ಮಸೂದೆ ಶಾಸನವಾಗಲಿಲ್ಲ. ಪ್ರತಿಲೋಮ ವಿವಾಹ, ಅಂದರೆ ಮೇಲಿನ ವರ್ಣದವಳೆಂದು ಎಣಿಸಲಾದ ಹೆಣ್ಣು ಕೆಳಗಿನ ವರ್ಣದವನೆಂದು ಎಣಿಸಲಾದ ಗಂಡನ್ನು ವರಿಸುವುದು, ಹಿಂದೂ ಧರ್ಮಶಾಸ್ತ್ರದ ಪ್ರಕಾರ ಅಸಿಂಧುವೆಂಬ ನಿಲುವೇ ನ್ಯಾಯಾಲಯಗಳಲ್ಲಿ ಬಹುಕಾಲ ನಡೆಯಿತು. ಬೇರೆ ಜಾತಿ ಅಥವಾ ಉಪಜಾತಿಯೆಂಬ ಕಾರಣಕ್ಕೆ ಹಿಂದೂ ವಿವಾಹವೊಂದು ಅಸಿಂಧುವಾಗುವುದಿಲ್ಲವೆಂದು ಸ್ಪಷ್ಟಪಡಿಸಿದ್ದು 1949ರ ಶಾಸನ, ಅಂದರೆ ಸ್ವಾತಂತ್ರ್ಯ ಬಂದ ಎರಡು ವರ್ಷಗಳ ಬಳಿಕ.

ಈಗ ಜಾರಿಯಲ್ಲಿರುವ 1954ರ ವಿಶೇಷ ವಿವಾಹ ಕಾಯ್ದೆ ಧರ್ಮ, ಜಾತಿಗಳ ಗೊಡವೆಯಿಲ್ಲದೆ ಮದುವೆಗೆ ಅವಕಾಶ ಕೊಟ್ಟರೂ ಒಂದು ಮುಳ್ಳನ್ನು ಉಳಿಸಿಕೊಂಡಿದೆ. ವಿವಾಹಾಧಿಕಾರಿಗೆ ಕೊಟ್ಟ ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಅಂಟಿಸಿ, 30 ದಿನಗಳವರೆಗೆ ಆಕ್ಷೇಪಣೆಗೆ ಅವಕಾಶ ಕೊಡಬೇಕೆಂದು ಅದು ವಿಧಿಸುತ್ತದೆ. ವಯಸ್ಸು, ಮೊದಲ ಸಂಗಾತಿ ಜೀವಂತವಿರುವುದು, ಸಮ್ಮತಿ ಕೊಡುವ ಮಾನಸಿಕ ಸಾಮರ್ಥ್ಯ, ನಿಷಿದ್ಧ ರಕ್ತಸಂಬಂಧ ಇವುಗಳ ಹೊರತು ಬೇರೆ ಆಕ್ಷೇಪಣೆಗೆ ಕಾಯ್ದೆಯಲ್ಲಿ ಸ್ಥಾನವಿಲ್ಲ. ಆದರೆ ಆ ನೋಟಿಸು ಆಕ್ಷೇಪಣೆ ಸಲ್ಲಿಸುವವರಿಗಿಂತ ಊರಿಗೆ ಸುದ್ದಿ ಮುಟ್ಟಿಸುವವರಿಗೆ ಹೆಚ್ಚು ಉಪಯೋಗವಾಗುತ್ತದೆ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗುವ ಇಬ್ಬರು ಇಂಥ ಪ್ರಕಟಣೆಗೆ ಒಳಗಾಗುವುದಿಲ್ಲ. ನೋಟಿಸನ್ನು ಪ್ರಕಟಿಸಬೇಕೋ ಬೇಡವೋ ಎಂಬುದು ಮದುವೆಯಾಗುವವರ ಆಯ್ಕೆಗೆ ಬಿಟ್ಟದ್ದೆಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ತೀರ್ಪು ನೀಡಿತಾದರೂ ಕಾಯ್ದೆಯ ಅಕ್ಷರ ಹಾಗೆಯೇ ಇದೆ.

ಸುಪ್ರೀಂ ಕೋರ್ಟ್ ಮಾತ್ರ ಈ ವಿಷಯದಲ್ಲಿ ಸಂದೇಹಕ್ಕೆ ಎಡೆ ಉಳಿಸಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಖಾಸಗಿತನವೆಂದರೆ ಮನೆಯ ಬಾಗಿಲು ಮುಚ್ಚಿಕೊಳ್ಳುವ ಹಕ್ಕಷ್ಟೇ ಅಲ್ಲ, ಸಂಗಾತಿ, ಕುಟುಂಬ, ದೇಹ ಇವುಗಳಿಗೆ ಸಂಬಂಧಿಸಿದ ತೀರ್ಮಾನಗಳನ್ನು ಸ್ವತಃ ಕೈಗೊಳ್ಳುವ ಹಕ್ಕೂ ಹೌದು ಎಂಬುದು ಅದರ ಸಾರ. ಮರುವರ್ಷ ಮಾರ್ಚ್‌ನಲ್ಲಿ ಶಕ್ತಿವಾಹಿನಿ ಪ್ರಕರಣದ ತೀರ್ಪು, ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ ಅಥವಾ ಕುಲದ ಸಮ್ಮತಿ ಅಗತ್ಯವಿಲ್ಲವೆಂದೂ, ಅಂಥ ಮದುವೆಯನ್ನು ತಡೆಯಲು ಯಾವುದೇ ಪಂಚಾಯಿತಿ ಸೇರುವುದು ಕಾನೂನುಬಾಹಿರವೆಂದೂ ಹೇಳಿತು. 2021ರ ಫೆಬ್ರುವರಿಯಲ್ಲಿ ಇತ್ಯರ್ಥವಾದ ಪ್ರಕರಣವಂತೂ ನಮ್ಮ ರಾಜ್ಯದ್ದೇ: ಸ್ವಇಚ್ಛೆಯಿಂದ ಮದುವೆಯಾದ ವಿದ್ಯಾವಂತ ಯುವತಿಯೊಬ್ಬಳು ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಒತ್ತಾಯಿಸಿದ ಪೊಲೀಸರ ವರ್ತನೆಯನ್ನು ನ್ಯಾಯಾಲಯ ಟೀಕಿಸಿ, ಇಂಥ ಪ್ರಕರಣಗಳನ್ನು ನಿಭಾಯಿಸಲು ಪೊಲೀಸರಿಗೆ ತರಬೇತಿ ಕೊಡಬೇಕೆಂದು ಸೂಚಿಸಿತು. ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ ಹಾಕುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆದರೆ ಕಾನೂನಿಗೆ ಒಂದು ಮಿತಿಯಿದೆ: ಕೊಲೆಯನ್ನು ಅದು ಶಿಕ್ಷಿಸಬಲ್ಲದು, ತಂಗಿಗೆ ಬಂದ ಸಂಬಂಧ ಮುರಿದುಹೋದದ್ದನ್ನು ಶಿಕ್ಷಿಸಲಾರದು. ಆ ಭಾಗ ಪೂರ್ತಿ ತಮ್ಮ ಕೈಯಲ್ಲಿದೆ.

ಇಲ್ಲಿ ಸಂಘಗಳ ಚರಿತ್ರೆಯನ್ನೇ ಸಾಕ್ಷಿಗೆ ಕರೆಯಬಹುದು, ಏಕೆಂದರೆ ಅದು ತಮಗೆ ಪ್ರತಿಕೂಲವಾದುದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಒಕ್ಕಲಿಗರ ಸಂಘ ಹೀಗೆ ಒಂದೊಂದಾಗಿ ಹುಟ್ಟಿದ ಸಂಸ್ಥೆಗಳು ವಿದ್ಯಾರ್ಥಿನಿಲಯಗಳನ್ನು ತೆರೆದು, ವಿದ್ಯಾರ್ಥಿವೇತನ ಕೊಟ್ಟು, ಹಳ್ಳಿಯ ಹುಡುಗರು ಪಟ್ಟಣದಲ್ಲಿ ಓದಲು ದಾರಿ ಮಾಡಿದವು. ಹಳ್ಳಿಯ ಗೌಡನ ಕಣ್ಣಳತೆಯಿಂದ ಒಂದು ತಲೆಮಾರನ್ನು ಹೊರತಂದದ್ದು ಈ ಸಂಘಗಳೇ ಎನ್ನುವುದು ಅತಿಶಯೋಕ್ತಿಯಲ್ಲ. ಅದಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದಿದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತ ತಮ್ಮ ಗ್ರಂಥವನ್ನು 1942ರಲ್ಲಿ ಪ್ರಕಟಿಸಿದ ಕಾಲದಲ್ಲಿ ಒಳವಿವಾಹದ ಎಲ್ಲೆ, ಅಂದರೆ ಹೆಣ್ಣು ಕೊಟ್ಟು ತರುವ ವಲಯದ ಗಡಿ, ಇಡೀ ಜಾತಿಯಲ್ಲ, ಅದರ ಒಳಪಂಗಡವಾಗಿತ್ತು. ಒಕ್ಕಲಿಗರಲ್ಲಿಯೇ ಗಂಗಡಿಕಾರರು, ಮೊರಸರು, ಕುಂಚಿಟಿಗರು ಪರಸ್ಪರ ಸಂಬಂಧ ಬೆಳೆಸುವುದು ಆಗ ಸಾಮಾನ್ಯವಾಗಿರಲಿಲ್ಲ. ಬೇರೆ ಸಮುದಾಯಗಳ ಒಳಪಂಗಡಗಳಲ್ಲಿಯೂ ಹೀಗೆಯೇ ಇತ್ತು. ಇಂದು ಸಂಘದ ವಧು-ವರರ ಸಮಾವೇಶದಲ್ಲಿ ನಡೆಯುವ ಎಷ್ಟೋ ಸಂಬಂಧಗಳು ಅಜ್ಜಂದಿರ ಕಾಲದಲ್ಲಿ ಕುಲಗೆಟ್ಟ ಮದುವೆಗಳೆನಿಸುತ್ತಿದ್ದವು. ಗೆರೆಯನ್ನು ಅಳಿಸಿ ಆಚೆಗೆ ಬರೆದದ್ದು ಸಂಘಗಳೇ, ಮತ್ತು ಹಾಗೆ ಬರೆದದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ.

ಗೆರೆ ಯಾವಾಗ ಸಡಿಲವಾಗುತ್ತದೆ ಎಂಬುದನ್ನೂ ನೋಡಬೇಕು. ಜಾತಿಯೆಂದರೆ ಬಾಗಿಲು ಮುಚ್ಚಿಕೊಂಡ ವರ್ಗ, ಆ ಬಾಗಿಲ ಅಗುಳಿ ಒಳವಿವಾಹ ಎಂಬರ್ಥದ ವಾದವನ್ನು ಅಂಬೇಡ್ಕರರು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಮುಂದಿಟ್ಟರು. ಗುಂಪಿನೊಳಗೆ ಗಂಡು ಹೆಣ್ಣುಗಳ ಸಂಖ್ಯೆ ಸರಿಹೊಂದದಿದ್ದರೆ ಈ ವ್ಯವಸ್ಥೆ ನಿಲ್ಲಲಾರದು, ಆದ್ದರಿಂದಲೇ ಸಹಗಮನ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಬೇಕಾದವು ಎಂದು ಅವರು ವಿವರಿಸಿದರು. ಸಂಖ್ಯೆಯ ಆ ಸಮಸ್ಯೆ ಈಗ ತಲೆಕೆಳಗಾಗಿ ಮರಳಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವ ರೈತರು ಹೆಣ್ಣು ಸಿಗಲೆಂದು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಉತ್ತರ ಕನ್ನಡ ಮತ್ತು ಮಲೆನಾಡಿನ ಕೆಲವು ಕೃಷಿಕ ಕುಟುಂಬಗಳು ಉತ್ತರ ಭಾರತದ ಕಡೆಯಿಂದ ಸೊಸೆಯಂದಿರನ್ನು ತಂದುಕೊಂಡಿವೆ. ಭಾಷೆ, ಪ್ರದೇಶ, ಒಳಪಂಗಡ ಯಾವುದನ್ನೂ ಲೆಕ್ಕಿಸದೆ ಇಂಥ ಮದುವೆಗಳನ್ನು ಸಮುದಾಯಗಳು ಅನುಕಂಪದಿಂದಲೇ ನೋಡಿವೆ, ಹಾಗೆ ನೋಡಿದ್ದು ಸರಿಯೂ ಹೌದು. ಆದರೆ ಗಂಡಿಗೆ ಹೆಣ್ಣು ಸಿಗದಿದ್ದಾಗ ಬಾಗುವ ನಿಯಮ, ಹೆಣ್ಣು ತಾನೇ ಗಂಡನ್ನು ಆರಿಸಿಕೊಂಡಾಗ ಮಾತ್ರ ಕಬ್ಬಿಣವಾಗುವುದಾದರೆ, ಅದು ಕಾಯುತ್ತಿರುವುದು ಸಂಪ್ರದಾಯವನ್ನಲ್ಲ, ಹೆಣ್ಣಿನ ಇಚ್ಛೆಗೆ ಹಾಕಿದ ಬೇಲಿಯನ್ನು. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ 2011–12ರ ಸುತ್ತಿನ ಪ್ರಕಾರ ದೇಶದಲ್ಲಿ ಅಂತರ್ಜಾತಿ ವಿವಾಹಗಳು ಸುಮಾರು ಶೇ. 5ರಷ್ಟು ಮಾತ್ರ, ಜಾತಿ ಕರಗಿಹೋಗುತ್ತಿದೆ ಎಂದು ವೇದಿಕೆಗಳಲ್ಲಿ ವ್ಯಕ್ತವಾಗುವ ಆತಂಕಕ್ಕೂ ಈ ಅಂಕಿಗೂ ತಾಳೆಯಾಗುವುದಿಲ್ಲ.

ತಂದೆತಾಯಿಯರ ಭಯವೆಲ್ಲ ಮರ್ಯಾದೆಯ ಹುಸಿ ಭಯವೆಂದು ತಳ್ಳಿಹಾಕುವುದು ಅನ್ಯಾಯ. ಅವರ ಒಂದು ಭಯ ನಿಜವಾದದ್ದು: ಮಗಳು ಆರಿಸಿಕೊಂಡ ಸಂಸಾರ ಮುರಿದರೆ ಅವಳ ಬೆನ್ನಿಗೆ ಯಾರಿದ್ದಾರೆ? ಹಿರಿಯರು ಕುದುರಿಸಿದ ಮದುವೆಯಲ್ಲಿ ಗಂಡ ಹೊಡೆದರೆ ಎರಡೂ ಕಡೆಯ ನಾಲ್ಕು ಜನ ಕೂತು ಕೇಳುತ್ತಾರೆ. ಆ ಪಂಚಾಯಿತಿಕೆಯಲ್ಲಿ ಹೆಣ್ಣಿಗೆ ನ್ಯಾಯ ಸಿಗುವುದು ಎಷ್ಟರಮಟ್ಟಿಗೆಂಬುದು ಬೇರೆ ಮಾತು, ಆದರೆ ಕೇಳುವವರಾದರೂ ಇರುತ್ತಾರೆ. ತಾನೇ ಆರಿಸಿಕೊಂಡವಳಿಗೆ ಸಿಗುವ ಉತ್ತರ, ಮಾಡಿದ್ದುಣ್ಣೋ ಮಹಾರಾಯ ಎಂಬುದು. ಹೀಗೆ ತವರಿನ ಬಾಗಿಲು ಮುಚ್ಚಿದ್ದರಿಂದ ಕೆಟ್ಟ ಸಂಸಾರದಲ್ಲಿಯೇ ಉಳಿದುಕೊಂಡವಳನ್ನು ತೋರಿಸಿ, ಪ್ರೇಮವಿವಾಹಗಳ ಗತಿಯೇ ಇಷ್ಟು ಎನ್ನುವುದು ವಿಚಿತ್ರ ತರ್ಕ. ಅಲ್ಲಿ ಸೋತದ್ದು ಅವಳ ಆಯ್ಕೆಗಿಂತ ಹೆಚ್ಚಾಗಿ ಅವಳ ಸುತ್ತಲಿನ ಜನ. ಸ್ವಾತಂತ್ರ್ಯವೆಂದರೆ ಸರಿಯಾದುದನ್ನು ಆರಿಸಿಕೊಳ್ಳುವ ಹಕ್ಕು ಮಾತ್ರವಲ್ಲ, ತಪ್ಪಿದಾಗ ಅವಮಾನವಿಲ್ಲದೆ ಹಿಂದಿರುಗುವ ಅವಕಾಶವೂ ಹೌದು. ಗಂಡುಮಕ್ಕಳಿಗೆ ವ್ಯಾಪಾರದಲ್ಲಿ, ಓದಿನಲ್ಲಿ ಈ ಅವಕಾಶ ಎರಡನೆಯ ಬಾರಿಯೂ ಸಿಗುತ್ತದೆ.

ಇನ್ನೊಂದು ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಓಡಿಹೋಗಿ ಮಾಡಿಕೊಂಡ ಮದುವೆಗಳೆಲ್ಲ ಸ್ವಾತಂತ್ರ್ಯದ ಗುರುತುಗಳೇನಲ್ಲ. ಬೇಡದ ನಿಶ್ಚಿತಾರ್ಥಕ್ಕೆ ವಾರವಷ್ಟೇ ಉಳಿದಾಗ ಕೈಗೆ ಸಿಕ್ಕ ದಾರಿಯಲ್ಲಿ ನಡೆದವರೂ ಅಂಥವರಲ್ಲಿದ್ದಾರೆ. ಇನ್ನು ಎರಡು ವರ್ಷ ಯೋಚಿಸಲು ಬಿಟ್ಟಿದ್ದರೆ ಅವರು ಯಾರನ್ನೂ ಮದುವೆಯಾಗುತ್ತಿರಲಿಲ್ಲವೇನೋ.

ಹಿರಿಯರು ಮನಸ್ಸು ಮಾಡಿದರೆ ಆಯ್ಕೆಗೆ ಗೌರವಯುತ ರೂಪ ಕೊಡಬಹುದೆಂಬುದಕ್ಕೆ ಕನ್ನಡದಲ್ಲಿಯೇ ಮಾದರಿಯಿದೆ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯ, ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ಕೆಲವೇ ಜನರ ಸಮ್ಮುಖದಲ್ಲಿ ವಧೂವರರು ತಾವೇ ಪ್ರತಿಜ್ಞೆ ಮಾಡುವ ಸರಳ ವಿವಾಹಪದ್ಧತಿ. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಅವರು ಈ ರೀತಿಯಲ್ಲಿ ನಡೆಸಿದರು. ಅದರ ಮಹತ್ವ ಖರ್ಚು ಉಳಿಸುವುದರಲ್ಲಿದೆ ಎಂದು ಹಲವರು ಭಾವಿಸುತ್ತಾರೆ. ನಿಜವಾದ ಮಹತ್ವ, ಮದುವೆಯೆಂಬುದು ಎರಡು ಮನೆತನಗಳ ವ್ಯವಹಾರವಾಗಿರುವುದರ ಬದಲು ಇಬ್ಬರು ವ್ಯಕ್ತಿಗಳ ಒಪ್ಪಂದವೆಂದು ಹಿರಿಯರೇ ಸಭೆಯಲ್ಲಿ ನಿಂತು ಒಪ್ಪಿಕೊಳ್ಳುವುದರಲ್ಲಿದೆ.

ಆದಕಾರಣ ತಮ್ಮಲ್ಲಿ ಕೋರುವುದು ಕ್ರಾಂತಿಯನ್ನಲ್ಲ, ಬೈಲಾದ ಕೆಲವು ತಿದ್ದುಪಡಿಗಳನ್ನು. ಹೊರಗೆ ಮದುವೆಯಾದ ಸದಸ್ಯರ ಸದಸ್ಯತ್ವ, ಮತದಾನದ ಹಕ್ಕು, ಅವರ ಮಕ್ಕಳಿಗೆ ವಿದ್ಯಾರ್ಥಿನಿಲಯ ಮತ್ತು ವಿದ್ಯಾರ್ಥಿವೇತನ ಯಾವ ಕಾರಣಕ್ಕೂ ಕಡಿತವಾಗುವುದಿಲ್ಲವೆಂದು ಲಿಖಿತವಾಗಿ ಠರಾವು ಮಾಡಬೇಕು. ಸಮುದಾಯ ಭವನವನ್ನು ಅಂಥ ಮದುವೆಗಳಿಗೂ ಸದಸ್ಯರ ದರದಲ್ಲಿಯೇ ಕೊಡಬೇಕು. ವಧು-ವರರ ಸಮಾವೇಶದ ಅರ್ಜಿಯನ್ನು ತಂದೆಯಲ್ಲ, ಅಭ್ಯರ್ಥಿಯೇ ತುಂಬಿ ಸಹಿ ಮಾಡಬೇಕು, ಅಕ್ಕ ತಂಗಿ ಅಣ್ಣ ತಮ್ಮಂದಿರು ಯಾರನ್ನು ಮದುವೆಯಾಗಿದ್ದಾರೆಂಬ ವಿವರವನ್ನು ಅರ್ಜಿಯಲ್ಲಾಗಲಿ ಬಾಯಿಮಾತಿನಲ್ಲಾಗಲಿ ಕೇಳಬಾರದು. ಮೇಲ್ನೋಟಕ್ಕೆ ಈ ಕೊನೆಯದು ಸಣ್ಣದೆಂದು ತೋರಿದರೂ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಅದೇ, ಏಕೆಂದರೆ ತಂಗಿಯ ಭವಿಷ್ಯವನ್ನು ಅಕ್ಕನ ಆಯ್ಕೆಯಿಂದ ಬಿಡಿಸುವುದು ಅಲ್ಲಿಂದಲೇ ಆರಂಭವಾಗುತ್ತದೆ. ಸಂಘದ ಮಹಿಳಾ ಘಟಕದ ಮೂಲಕ, ಯಾವ ಜಾತಿಯವರನ್ನು ಮದುವೆಯಾಗಿದ್ದರೂ ಕಷ್ಟದಲ್ಲಿರುವ ಹೆಣ್ಣುಮಗಳಿಗೆ ತಂಗಲು ಜಾಗವನ್ನೂ ವಕೀಲರ ನೆರವನ್ನೂ ಒದಗಿಸಬಹುದು. ಹೆಚ್ಚಿನ ಸಂಘಗಳಲ್ಲಿ ವಕೀಲರಿಗಂತೂ ಕೊರತೆಯಿಲ್ಲ. ಮರ್ಯಾದೆಯ ಹೆಸರಿನಲ್ಲಿ ಹತ್ಯೆ ನಡೆದಾಗ ಸಮುದಾಯದ ಹೆಸರು ಕೆಡುತ್ತದೆಂದು ಮೌನವಾಗಿರುವ ಬದಲು, ಆರೋಪಿಗಳ ಪರವಾಗಿ ಸಂಘ ಹಣ ಸಂಗ್ರಹಿಸುವುದಿಲ್ಲವೆಂದು ಮೊದಲೇ ಸಾರಬಹುದು. ಕುಲದ ಹೆಸರಿನಲ್ಲಿ ಮದುವೆಗೆ ಅಡ್ಡಿಪಡಿಸುವುದನ್ನು ತಡೆಯಲು ಪ್ರತ್ಯೇಕ ಶಾಸನ ಬೇಕೆಂದು ಕಾನೂನು ಆಯೋಗವು 2012ರ ಆಗಸ್ಟ್‌ನಲ್ಲಿಯೇ ತನ್ನ 242ನೆಯ ವರದಿಯಲ್ಲಿ ಶಿಫಾರಸು ಮಾಡಿದೆ. ಶಾಸನಸಭೆಗಳು ಏನು ಮಾಡುತ್ತವೆಂದು ಕಾಯುತ್ತ ಕೂರುವ ಅಗತ್ಯ ಸಂಘಗಳಿಗಿಲ್ಲ, ಏಕೆಂದರೆ ತಮ್ಮ ಬೈಲಾವನ್ನು ತಿದ್ದಿಕೊಳ್ಳಲು ಅವುಗಳಿಗೆ ಬೇಕಾದದ್ದು ಸರ್ವಸದಸ್ಯರ ಸಭೆಯ ಒಪ್ಪಿಗೆ ಮತ್ತು ಸಂಘಗಳ ನೋಂದಣಾಧಿಕಾರಿಗೆ ಒಂದು ಅರ್ಜಿ.

ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದೂ, ಆ ದಿನದ ಚರ್ಚೆಯಲ್ಲಿ ಮೊದಲು ಮಾತನಾಡುವ ಅವಕಾಶವನ್ನು ಮೂವತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಕೊಡಬೇಕೆಂದೂ ತಮ್ಮಲ್ಲಿ ವಿನಂತಿ.